ಅವರ ಮನಸ್ಸು ಓದಿದ್ದಲ್ಲ, ಅವರೇ ಬರೆದದ್ದು

ನಮಸ್ಕಾರ. ಒಂದು ಸಣ್ಣ ಕೆಲಸ ಮಾಡಿ. ಕೈ ಅಲ್ಲಾಡಿಸದೆ ನಿಮ್ಮ ಹೆಸರು ಬರೆಯಿರಿ. ಸುಮ್ನೆ ನೆನೆಸಿಕೊಳ್ಳುವುದಲ್ಲ. ಪೆನ್ ಹಿಡಿದು, ಕೊಂಬು, ಒತ್ತು ಯಾವುದನ್ನೂ ಬಿಡದೆ ಬರೆಯಲು ಯತ್ನಿಸಬೇಕು. ಬೆರಳು ತಾನಾಗಿಯೇ ಅಲುಗಲು ನೋಡುತ್ತದೆ, ಅಲ್ವಾ?

ಅಮೆರಿಕದ ಸ್ಟ್ಯಾನ್‌ಫರ್ಡ್‌ ವಿಶ್ವವಿದ್ಯಾಲಯದ ಪ್ರಯೋಗದಲ್ಲಿ ಒಬ್ಬರು ಇದನ್ನೇ ಮಾಡಿದರು. 2007ರಲ್ಲಿ ಬೆನ್ನುಹುರಿಗೆ ಪೆಟ್ಟು ಬಿದ್ದು ಕುತ್ತಿಗೆಯಿಂದ ಕೆಳಗೆ ಸ್ವಾಧೀನ ತಪ್ಪಿತ್ತು. ಸಂಶೋಧಕರು ಅವರನ್ನು ಟಿ5 ಎಂದಷ್ಟೇ ಕರೆಯುತ್ತಾರೆ. ಮಿದುಳಿನಲ್ಲಿ ಕೈಯನ್ನು ಆಡಿಸುವ ಜಾಗಕ್ಕೆ ಎರಡು ಪುಟ್ಟ ಚಿಪ್ ಹಾಕಿದರು, ಒಂದೊಂದರಲ್ಲೂ ಮಿದುಳಿನ ಸಂಕೇತ ಹಿಡಿಯುವ 96 ಎಲೆಕ್ಟ್ರೋಡ್. ಅವರು ಬರೆಯಲು ಯತ್ನಿಸಿದಂತೆಲ್ಲ ಅಕ್ಷರಗಳು ಪರದೆಯ ಮೇಲೆ ಮೂಡಿದವು. ಕೈ ಸೋತು ಅಷ್ಟು ವರ್ಷವಾದರೂ ಮಿದುಳು ಬರವಣಿಗೆ ಮರೆತಿರಲಿಲ್ಲ!

ನಿಮಿಷಕ್ಕೆ 90 ಅಕ್ಷರ. ಅವರ ವಯಸ್ಸಿನವರು ಫೋನಿನಲ್ಲಿ ಒತ್ತುವುದು ಸುಮಾರು 115. ಇದು 2021ರಲ್ಲಿ 'ನೇಚರ್' ವಿಜ್ಞಾನ ಪತ್ರಿಕೆಯಲ್ಲಿ ಬಂತು. ಅದಕ್ಕೂ ಮೊದಲು ಪರದೆಯ ಕೀಲಿಮಣೆ ಮೇಲೆ ಬಾಣದ ಗುರುತನ್ನು ಮನಸ್ಸಿನಿಂದಲೇ ಓಡಿಸುತ್ತಿದ್ದರು. ಆಗ ಸಿಕ್ಕ ವೇಗ ಹೆಚ್ಚೆಂದರೆ 40. ಕೈಬರಹ ಗೆದ್ದದ್ದೇಕೆ? ಒಂದೊಂದು ಅಕ್ಷರದ ಬಳುಕೂ ಬೇರೆ, ಹಾಗಾಗಿ ಮಿದುಳಿನ ಸಂಕೇತವೂ ಬೇರೆ. ಬಾಣ ಓಡಿಸುವ ನೇರ ಗೆರೆಗಳಾದರೋ ಒಂದನ್ನೊಂದು ಹೋಲುತ್ತವೆ. ಪದಗಳ ನಡುವಿನ ಖಾಲಿ ಜಾಗಕ್ಕೂ ಅವರು ಒಂದು ಗುರುತು ಬರೆಯಬೇಕಿತ್ತು. ಅಲ್ಲಿದ್ದದ್ದು ಇಂಗ್ಲಿಷಿನ 26 ಅಕ್ಷರ, ನಾಲ್ಕೈದು ಚಿಹ್ನೆ. ನಮ್ಮ ಕಾಗುಣಿತ, ಒತ್ತಕ್ಷರ ಕೊಟ್ಟರೆ, ಅದರಲ್ಲೂ ಪ, ಷ, ಫ ಕೊಟ್ಟರೆ ಆ ಯಂತ್ರ ಏನು ಮಾಡುತ್ತದೋ!

ಇಂಥದ್ದಕ್ಕೆಲ್ಲ 'ಮನಸ್ಸು ಓದುವ ಯಂತ್ರ' ಎಂದು ಹೆಸರಿಡುವುದನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಅಲ್ಲಿ ಯಾರೂ ಏನನ್ನೂ ಓದಿಲ್ಲ. ಒಬ್ಬ ಮನುಷ್ಯ ಕಷ್ಟಪಟ್ಟು ಬರೆದಿದ್ದಾನೆ. ಆ ಹೆಗ್ಗಳಿಕೆಯನ್ನು ಯಂತ್ರಕ್ಕೇ ಕೊಟ್ಟುಬಿಟ್ಟರೆ ಹೇಗೆ?

ನನ್ನ ಭಯವೇ ಬೇರೆ. ಯಂತ್ರ ಗುರುತಿಸಿದ ಅಕ್ಷರಗಳಲ್ಲಿ ಸರಿಯಿದ್ದದ್ದು ಶೇ. 94. ಆಮೇಲೆ ಇಂಗ್ಲಿಷಿನಲ್ಲಿ ಯಾವ ಪದ ಬರಬಹುದು ಎಂಬ ಅಂದಾಜಿನಿಂದ ಕಂಪ್ಯೂಟರ್ ತಿದ್ದಿದಾಗ ಅದು ಶೇ. 99 ದಾಟಿತು. ಆ ಅಂದಾಜಿನ ಮೇಲೇ ನನ್ನ ಅನುಮಾನ. ಫೋನು 'ಬರಲ್ಲ' ಅನ್ನುವುದನ್ನು 'ಬರಲಿ' ಮಾಡಿದರೆ ನಾವು ನಕ್ಕು ತಿದ್ದುತ್ತೇವೆ. ಮಾತೂ ಹೋಗಿ, ಆ ಪರದೆಯೊಂದೇ ದಾರಿ ಎನ್ನುವವರು ವೈದ್ಯರಿಗೆ 'ಬೇಡ' ಎಂದು ಬರೆಯುವಾಗ ಅದು 'ಬೇಕು' ಆದರೆ? ತಪ್ಪಾಯಿತು ಎಂದು ಹೇಳುವುದಕ್ಕೂ ಅದೇ ಪರದೆ ಬೇಕು.

ಇನ್ನೊಂದು ಮಾತು, ಇದು ನನ್ನ ವಾದಕ್ಕೇ ತೊಡಕು. 2025ರಲ್ಲಿ ಸ್ಟ್ಯಾನ್‌ಫರ್ಡ್‌ನವರು ಒಳಮಾತನ್ನೇ, ಅಂದರೆ ಬಾಯಿ ಆಡಿಸುವ ಯತ್ನವೂ ಇಲ್ಲದ ಮಾತನ್ನೇ ಹಿಡಿಯಲು ನೋಡಿದರು. ಪರದೆಯ ಮೇಲಿನ ಆಕಾರಗಳನ್ನು ಎಣಿಸಿ ಎಂದಾಗ, ಮನಸ್ಸಿನಲ್ಲೇ ಎಣಿಸಿದ ಸಂಖ್ಯೆಗಳೂ ಒಂದಿಷ್ಟು ಸಿಕ್ಕಿಬಿದ್ದವು. ಇಲ್ಲಿ ಮಾತ್ರ ಓದುವುದಕ್ಕೆ ಹತ್ತಿರ ಬಂದೆವು, ಒಪ್ಪುತ್ತೇನೆ.

ಅವರೇ ಅದಕ್ಕೊಂದು ಬೀಗವನ್ನೂ ಮಾಡಿದರು. ಮನಸ್ಸಿನಲ್ಲೇ ಹೇಳಿಕೊಳ್ಳುವ ಒಂದು ಗುಟ್ಟಿನ ಮಾತು. ಅದನ್ನು ಹೇಳಿಕೊಳ್ಳುವ ತನಕ ಯಂತ್ರ ತೆಪ್ಪಗಿರುತ್ತದೆ. ಮುಂದೆ ಈ ಚಿಪ್ ಮಾರಲು ಬರುವ ಕಂಪನಿಗಳು ನಿಮಿಷಕ್ಕೆ ಎಷ್ಟು ಪದ ಎಂದು ಜಂಭ ಕೊಚ್ಚಿಕೊಳ್ಳಲಿ. ನಾನು ಮೊದಲು ಕೇಳುವುದು ಆ ಬೀಗದ ಕೈ ಯಾರ ಹತ್ತಿರ ಇರುತ್ತದೆ ಎಂದು.