ತರಗತಿಯ ತಾರತಮ್ಯಕ್ಕೂ ಲೆಕ್ಕ ಇಡಬೇಕು

ಶಾಲೆಯಲ್ಲಿ ತಾರತಮ್ಯದ ಮಾತು ಎತ್ತಿದರೆ ಸಾಕು, ಮೊದಲು ಕಿವಿಗೆ ಬೀಳುವುದು ಒಂದೇ ಉತ್ತರ: "ನಾನು ಬೇಕಂತ ಮಾಡಿದ್ದಲ್ಲ." ಎಷ್ಟೋ ಸಲ ಅದು ನಿಜವೇ. ಆದರೆ ಮಾತು ಅಲ್ಲಿಗೇ ಮುಗಿದುಹೋಗುತ್ತದಲ್ಲ, ನನ್ನ ತಕರಾರು ಇರುವುದು ಅಲ್ಲಿ. 1960ರ ಡಿಸೆಂಬರ್‌ನಲ್ಲಿ ಯುನೆಸ್ಕೋ ಅಂಗೀಕರಿಸಿದ ಒಡಂಬಡಿಕೆ ಒಂದಿದೆ, ಶಿಕ್ಷಣದಲ್ಲಿನ ತಾರತಮ್ಯದ ವಿರುದ್ಧದ್ದು. ತಾರತಮ್ಯ ಅಂದರೇನು ಅಂತ ಹೇಳುವ ಅದರ ಮೊದಲ ವಿಧಿಯಲ್ಲೇ "ಉದ್ದೇಶ ಅಥವಾ ಪರಿಣಾಮ" ಅಂತಿದೆ. ಆ "ಅಥವಾ" ಗಮನಿಸಿ. ಮನಸ್ಸಿನಲ್ಲಿ ಕೆಟ್ಟದ್ದಿಲ್ಲದಿದ್ದರೂ, ಮಗುವಿಗೆ ಸಿಗಬೇಕಾದ್ದು ಅದರ ಜಾತಿ, ಭಾಷೆ, ಲಿಂಗ, ಬಡತನದ ಕಾರಣಕ್ಕೆ ಕೈತಪ್ಪಿದರೆ ಅದು ತಾರತಮ್ಯವೇ.

ಮನಸ್ಸನ್ನು ಅಳೆಯಲಾಗದು, ಪರಿಣಾಮವನ್ನು ಎಣಿಸಬಹುದು. ಹಾಜರಿ ಪಟ್ಟಿಯ ಒಂದು ಪ್ರತಿ ತೆಗೆದುಕೊಳ್ಳಿ. ಒಂದು ವಾರ, ದಿನಕ್ಕೊಂದು ಪೀರಿಯಡ್, ಇನ್ನೊಬ್ಬ ಶಿಕ್ಷಕರು ಹಿಂದಿನ ಬೆಂಚಿನಲ್ಲಿ ಕೂತು ಹೆಸರಿನ ಮುಂದೆ ಗುರುತು ಹಾಕಲಿ. ಪ್ರಶ್ನೆ ಕೇಳಿದರೆ ಒಂದು ಗೆರೆ. ಗದರಿದರೆ ಒಂದು ಕತ್ತರಿ ಗುರುತು. ಬೋರ್ಡ್ ಒರೆಸು, ಕಸ ತೆಗೆ ಅಂತ ಕೆಲಸ ಹೇಳಿದರೆ ಒಂದು ಸೊನ್ನೆ. ಪಾಠ ಮಾಡುವವರೇ ಎಣಿಸಬಾರದು, ಪಾಠದ ಭರದಲ್ಲಿ ಲೆಕ್ಕ ತಪ್ಪುತ್ತದೆ. ವಾರದ ಕೊನೆಗೆ ನೋಡಿ: ಐದು ದಿನವೂ ಖಾಲಿ ಉಳಿದವರು ಯಾರು? ಬರೀ ಸೊನ್ನೆಗಳೇ ಇರುವವರು ಯಾರು? ಅವರೆಲ್ಲ ಒಂದೇ ಮನೆಮಾತಿನವರಾ, ಒಂದೇ ಜಾತಿಯವರಾ, ಬರೀ ಹೆಣ್ಣುಮಕ್ಕಳಾ? ಒಂದು ವಾರದ ಲೆಕ್ಕ ತೀರ್ಪಲ್ಲ ನಿಜ, ಆದರೆ ಇನ್ನೂ ಮೂರು ವಾರ ಎಣಿಸಲು ಅಷ್ಟು ಕಾರಣ ಸಾಕು.

ಪ್ರಶ್ನೆ ಕೇಳಿದ ಮೇಲೆ ಎಷ್ಟು ಹೊತ್ತು ಕಾಯುತ್ತಾರೆ ಅನ್ನುವುದನ್ನೂ ನೋಡಬೇಕು. ಮೇರಿ ಬಡ್ ರೋ ಅನ್ನುವ ಸಂಶೋಧಕಿ 1970ರ ದಶಕದಲ್ಲಿ ಇದನ್ನೇ ಅಳೆದರು. ಸಾಮಾನ್ಯವಾಗಿ ಶಿಕ್ಷಕರು ಕಾಯುತ್ತಿದ್ದದ್ದು ಒಂದು ಸೆಕೆಂಡಿನ ಆಸುಪಾಸು. ದಡ್ಡರು ಅಂತ ಶಿಕ್ಷಕರೇ ಅಂದುಕೊಂಡ ಮಕ್ಕಳಿಗೆ ಜಾಣರಿಗಿಂತ ಕಡಿಮೆ. ಯೋಚಿಸಲು ಹೆಚ್ಚು ಹೊತ್ತು ಬೇಕಾದ ಮಗುವಿಗೇ ಕಡಿಮೆ ಹೊತ್ತು! ಮೂರು ಸೆಕೆಂಡು ಕಾದಾಗ ಉತ್ತರಗಳು ಉದ್ದವಾದವು, ಬಾಯಿ ಬಿಡದ ಮಕ್ಕಳೂ ಮಾತಾಡಿದರು.

ಉತ್ತರಪತ್ರಿಕೆ ತಿದ್ದುವಾಗ ಹೆಸರು ಕಾಣದಂತೆ ಮಡಿಚಿಡಿ. ಒಬ್ಬರ ಪತ್ರಿಕೆಯನ್ನು ಪೂರ್ತಿ ತಿದ್ದುವ ಬದಲು ಎಲ್ಲರ ಮೊದಲ ಪ್ರಶ್ನೆ, ಆಮೇಲೆ ಎಲ್ಲರ ಎರಡನೆಯದು. ಹಾಗಾದರೆ ಒಂದು ಉತ್ತರದ ಅಭಿಪ್ರಾಯ ಮುಂದಿನದಕ್ಕೆ ಅಂಟುವುದಿಲ್ಲ.

ಹಾಗಂತ ವ್ಯತ್ಯಾಸವೆಲ್ಲ ತಾರತಮ್ಯವಲ್ಲ. ಕಣ್ಣು ಮಂದ ಇರುವ ಮಗುವಿಗೆ ದಪ್ಪ ಅಕ್ಷರದ ಪ್ರಶ್ನೆಪತ್ರಿಕೆ ಕೊಟ್ಟರೆ ಅದು ನ್ಯಾಯ. "ಎಲ್ಲರಿಗೂ ಒಂದೇ ನಿಯಮ" ಅಂತ ಅದನ್ನು ನಿರಾಕರಿಸಿದರೆ ಅದೇ ತಾರತಮ್ಯ.

ಇನ್ನು ಮಗು ಬಂದು ದೂರು ಹೇಳಿದಾಗ. ನನ್ನ ಮಟ್ಟಿಗೆ ಶಾಲೆಗಳು ಹೆಚ್ಚು ಎಡವುವುದು ಇಲ್ಲೇ. ಮಗುವನ್ನೂ ಆರೋಪ ಹೊತ್ತವರನ್ನೂ ಎದುರುಬದುರು ನಿಲ್ಲಿಸಿ "ನಿಜವೇನಮ್ಮಾ?" ಅಂತ ಕೇಳಿದರೆ ಯಾವ ಮಗು ಬಾಯಿ ಬಿಡುತ್ತದೆ? ಮೊದಲು ಮಗುವನ್ನು ಒಂದು ಕಡೆ ಕೂರಿಸಿ, "ಏನಾಯ್ತು, ಮೊದಲಿಂದ ಹೇಳು" ಅನ್ನಿ. "ಅವರು ನಿನ್ನ ಜಾತಿ ಹಿಡಿದು ಬೈದರಾ?" ಅಂತ ಕೇಳಬೇಡಿ, ಹಾಗೆ ಕೇಳಿದರೆ ಉತ್ತರವನ್ನು ನಾವೇ ಬಾಯಿಗಿಟ್ಟಂತೆ. ಅದೇ ದಿನ ಬರೆದಿಡಿ: ತಾರೀಕು, ಹೊತ್ತು, ಜಾಗ, ಯಾರಿದ್ದರು, ಆಡಿದ ಮಾತು ಆಡಿದ ಹಾಗೆಯೇ. "ಅವಮಾನಕರವಾಗಿ ಮಾತನಾಡಿದರು" ಅಂತ ಬರೆದರೆ ಮಾತೇ ಕಳೆದುಹೋಯಿತು. ಅದೇ ಕಥೆಯನ್ನು ಐದು ಜನರ ಮುಂದೆ ಹೇಳಿಸಬೇಡಿ. ಗೋಪ್ಯವಾಗಿಯೇ ಇಡುತ್ತೇನೆ ಅಂತ ಮಾತೂ ಕೊಡಬೇಡಿ, ಯಾರಿಗೆ ಹೇಳಬೇಕಾಗುತ್ತದೆ ಅಂತ ಮೊದಲೇ ತಿಳಿಸಿ.

ಆರೋಪ ಹೊತ್ತವರಿಗೂ ನ್ಯಾಯ ಬೇಕು, ಇದರಲ್ಲಿ ರಾಜಿ ಇಲ್ಲ. ಯಾವ ದಿನದ ಯಾವ ಮಾತು ಅಂತ ಸ್ಪಷ್ಟವಾಗಿ ತಿಳಿಸಿ, ಉತ್ತರಿಸಲು ಸಮಯ ಕೊಡಿ. ಸಾಕ್ಷಿಗಳನ್ನು ಬೇರೆಬೇರೆಯಾಗಿ ಕೇಳಿ. ವಿಚಾರಣೆ ಮಾಡುವವರು ಅವರ ಆಪ್ತರೂ ಆಗಿರಬಾರದು, ಅವರೊಂದಿಗೆ ಜಗಳ ಇದ್ದವರೂ ಆಗಿರಬಾರದು. ಒಂದು ಪ್ರಶ್ನೆ ಮಾತ್ರ ಕೈಬಿಡಬೇಡಿ: ಇದೇ ತಪ್ಪನ್ನು ಬೇರೆ ಮಗು ಮಾಡಿದಾಗ ಏನಾಗಿತ್ತು? ತಡವಾಗಿ ಬಂದ ಒಬ್ಬನಿಗೆ "ನಾಳೆ ಬೇಗ ಬಾ", ಇನ್ನೊಬ್ಬನನ್ನು ಬಾಗಿಲಾಚೆ ನಿಲ್ಲಿಸಿ ಅಪ್ಪನನ್ನು ಕರೆಸಿದ್ದರೆ, ಆ ಎರಡು ದಿನಗಳನ್ನು ಅಕ್ಕಪಕ್ಕ ಇಟ್ಟು ವಿವರಣೆ ಕೇಳಿ.

ತಪ್ಪು ನಡೆದದ್ದು ಹೌದು ಅಂತಾದ ಮೇಲೆ ದೂರು ಕೊಟ್ಟ ಮಗುವನ್ನೇ ಬೇರೆ ಸೆಕ್ಷನ್‌ಗೆ ಹಾಕುವುದುಂಟು. "ಅವಳ ಒಳ್ಳೆಯದಕ್ಕೇ" ಅನ್ನುತ್ತಾರೆ. ಗೆಳತಿಯರು, ಜಾಗ, ಎಲ್ಲ ಕಳೆದುಕೊಂಡವಳು ಅವಳು. ನೋಡುತ್ತಿರುವ ಉಳಿದ ಮಕ್ಕಳು ದೂರು ಕೊಡಬಾರದು ಅಂತ ಕಲಿಯುತ್ತಾರೆ. ಅವಳಾಗಿ ಕೇಳದ ಹೊರತು ಜಾಗ ಬದಲಾಗಬೇಕಾದ್ದು ಅವಳದ್ದಲ್ಲ. ಎರಡು ವಾರದ ಮೇಲೆ ಒಮ್ಮೆ, ಆರು ವಾರದ ಮೇಲೆ ಮತ್ತೊಮ್ಮೆ ಅವಳನ್ನು ವಿಚಾರಿಸಿ. ಬೈಗುಳ ನಿಂತಿರಬಹುದು, ಅದರ ಜೊತೆಗೆ ಪ್ರಶ್ನೆ ಕೇಳುವುದೂ ನಿಂತಿದೆಯಾ ಅಂತ ಮತ್ತೊಮ್ಮೆ ಹಾಜರಿ ಪಟ್ಟಿ ಹಿಡಿದು ಎಣಿಸಿ.