ಗ್ವೆನ್ ಕುತ್ತಿಗೆ ಹತ್ರ ಇರೋ ನಾಲ್ಕಕ್ಷರ

ನಮಸ್ಕಾರ ಕೇಳುಗರೇ. ಪ್ರತಿ ಶನಿವಾರ ಸಂಜೆ ನಾವು ನಾಲ್ಕು ಜನ ಒಂದು ದರ್ಶಿನಿ ಮುಂದೆ ನಿಂತ್ಕೊಂಡು, ಎರಡು ಬೈಟು ಕಾಫಿ ಹೇಳಿ ಜಗಳ ಆಡ್ತೀವಿ. ರಾಜಕೀಯ ಅಲ್ಲ, ಸೈಟು ರೇಟೂ ಅಲ್ಲ, 1973ರಲ್ಲಿ ಸತ್ತ ಒಂದು ಹುಡುಗಿ ಬಗ್ಗೆ. ಹುಡುಗಿ ನಿಜದವಳೂ ಅಲ್ಲ ಅನ್ನಿ, ಸ್ಪೈಡರ್ ಮ್ಯಾನ್ ಕಾಮಿಕ್ಸಿನವಳು, ಗ್ವೆನ್ ಸ್ಟೇಸಿ ಅಂತ, ಸ್ಪೈಡರ್ ಮ್ಯಾನ್ ಮುಖವಾಡದ ಹಿಂದಿರೋ ಪೀಟರ್ ಪಾರ್ಕರ್ ಪ್ರೀತಿಸ್ತಿದ್ದ ಹುಡುಗಿ. ಮನೇಲಿ ಇದನ್ನ ಕೇಳಿದವ್ರು ಕತ್ತೆ ವಯಸ್ಸಾಯ್ತು ನಿಂಗೆ ಅಂತಾರೆ, ಅದೂ ಸುಳ್ಳೇನಲ್ಲ.

ವಿಷಯ ಇಷ್ಟೇ. ಅಮೇಜಿಂಗ್ ಸ್ಪೈಡರ್ ಮ್ಯಾನ್ 121ನೇ ಸಂಚಿಕೆ, ಜೂನ್ 1973ರದ್ದು. ಬರೆದಿದ್ದು ಗೆರ್ರಿ ಕಾನ್ವೇ, ಆಗ ಅವ್ನಿಗೆ ಇಪ್ಪತ್ತರ ಆಸುಪಾಸು ಅಷ್ಟೇ, ಚಿತ್ರ ಗಿಲ್ ಕೇನ್ ಅವರದ್ದು. ಸ್ಪೈಡರ್ ಮ್ಯಾನ್ ಶತ್ರು ಗ್ರೀನ್ ಗಾಬ್ಲಿನ್ ಗ್ವೆನ್‌ನ ಸೇತುವೆ ಗೋಪುರದ ಮೇಲಿಂದ ತಳ್ತಾನೆ, ಸ್ಪೈಡಿ ವೆಬ್, ಅಂದ್ರೆ ಜೇಡರ ಬಲೆಯ ಎಳೆ, ಬಿಟ್ಟು ಕಾಲು ಹಿಡೀತಾನೆ, ಹಿಡಿದೇ ಬಿಟ್ಟೆ ಅನ್ಕೊಂಡು ಮೇಲಕ್ಕೆ ಎಳೀತಾ ತನ್ನ ಬಗ್ಗೆ ತಾನೇ ಜಂಬ ಕೊಚ್ಕೋತಾನೆ, ನನ್ನಂಥ ಹೀರೋ ಯಾರಿದ್ದಾರೆ ಅನ್ನೋ ಥರ, ಮೇಲೆ ಬಂದ್ಮೇಲೆ ನೋಡಿದ್ರೆ ಉಸಿರಿಲ್ಲ. ಕಥೆ ಹೆಸರನ್ನ ಮೊದಲ ಪುಟದಲ್ಲಿ ಹಾಕೇ ಇಲ್ಲ, ಕೊನೇ ಪುಟಕ್ಕೆ ಇಟ್ಟಿದ್ದಾರೆ, ಯಾಕಂದ್ರೆ ಹೆಸರಲ್ಲೇ ಅವಳ ಸಾವಿದೆ.

ಈಗ ಜಗಳದ ಜಾಗಕ್ಕೆ ಬರ್ತೀನಿ. ವೆಬ್ ಹೋಗಿ ಕಾಲಿಗೆ ಅಂಟೋ ಆ ಒಂದು ಚೌಕ ಇದೆಯಲ್ಲ, ಅದ್ರಲ್ಲಿ ಗ್ವೆನ್ ತಲೆ ಹಿಂದಕ್ಕೆ ವಾಲಿದೆ, ಕುತ್ತಿಗೆ ಪಕ್ಕ ಸಣ್ಣದಾಗಿ ಇಂಗ್ಲಿಷಿನ ನಾಲ್ಕಕ್ಷರ, ಸ್ನ್ಯಾಪ್, ಲಟಕ್ ಅಂತ ಮುರಿಯೋ ಸದ್ದು. ಅಷ್ಟೇ. ಸ್ನ್ಯಾಪ್ ಅಂದ್ರೆ ಈಗಿನ ಹುಡುಗ್ರಿಗೆ 2018ರ ಇನ್ಫಿನಿಟಿ ವಾರ್ ಸಿನಿಮಾದಲ್ಲಿ ಥಾನೋಸ್ ಚಿಟಿಕೆ ಹೊಡೆದು ಅರ್ಧ ಬ್ರಹ್ಮಾಂಡ ಖಾಲಿ ಮಾಡಿದ್ದು ನೆನಪಾಗುತ್ತೆ, ನಮ್ಗೆ ಸ್ನ್ಯಾಪ್ ಅಂದ್ರೆ ಈ ಒಂದೇ ಕುತ್ತಿಗೆ. ಹಾಗಾದ್ರೆ ಕೊಂದಿದ್ದು ಯಾರು? ಗಾಬ್ಲಿನ್ ಅದೇ ಪುಟಗಳಲ್ಲಿ ಹೇಳ್ತಾನೆ, ಅಷ್ಟು ಎತ್ತರದಿಂದ ಬಿದ್ರೆ ನೆಲ ಮುಟ್ಟೋಕೆ ಮುಂಚೇನೇ ಪ್ರಾಣ ಹೋಗುತ್ತೆ ಅಂತ. ಅದು ಬರೀ ಬೊಗಳೆ, ವಿಮಾನದಿಂದ ಹಾರೋ ಪ್ಯಾರಾಶೂಟ್ ಜನ ಎಲ್ರೂ ಆರಾಮಾಗಿದ್ದಾರೆ. ಆಮೇಲೆ 125ನೇ ಸಂಚಿಕೆ ಓದುಗರ ಪತ್ರದ ಪುಟದಲ್ಲಿ ಸಂಪಾದಕರೇ ಒಪ್ಕೊಂಡ್ರು, ವೆಬ್ ಗಕ್ಕನೆ ನಿಲ್ಲಿಸಿದ್ದಕ್ಕೆ ಕುತ್ತಿಗೆ ಹೋಯ್ತು ಅಂತ. ಅಂದ್ರೆ ಕಾಪಾಡೋಕೆ ಹೋದವನ ಕೈಯಲ್ಲೇ ಜೀವ ಹೋಯ್ತು.

ನಮ್ ಗುಂಪಲ್ಲಿ ಒಬ್ಬ ಫಿಸಿಕ್ಸ್ ಲೆಕ್ಚರರ್ ಇದ್ದಾನೆ, ಅವ್ನು ಕಾಫಿ ಟೋಕನ್ ಹಿಂದೆ ಲೆಕ್ಕ ಬರೆದು ತೋರಿಸ್ದ. ಸುಮಾರು 90 ಮೀಟರ್ ಬಿದ್ಲು ಅಂತ ಇಟ್ಕೊಳ್ಳಿ, ನಾಲ್ಕು ಸೆಕೆಂಡ್ ಚಿಲ್ಲರೆ ಆಗುತ್ತೆ, ಅಷ್ಟೊತ್ತಿಗೆ ಸ್ಪೀಡು ಗಂಟೆಗೆ 150 ಕಿಲೋಮೀಟರ್. ಅದನ್ನ ಅರ್ಧ ಸೆಕೆಂಡಲ್ಲಿ ನಿಲ್ಸಿದ್ರೆ ಅವಳ ತೂಕದ ಹತ್ತು ಪಟ್ಟು ಎಳೆತ ಬೀಳುತ್ತೆ, ಮೂರು ಸೆಕೆಂಡ್ ತಗೊಂಡು ನಿಧಾನಕ್ಕೆ ನಿಲ್ಸಿದ್ರೆ ಎರಡೂವರೆ ಪಟ್ಟು, ಬದುಕ್ತಾಳೆ. ಗಲ್ಲಿ ಕ್ರಿಕೆಟ್ ಆಡಿದವ್ರಿಗೆ ಇದನ್ನ ಹೇಳೋದೇ ಬೇಡ, ಜೋರು ಕ್ಯಾಚ್ ಬಂದ್ರೆ ಕೈನ ಹಿಂದಕ್ಕೆ ಎಳ್ಕೊಂಡೇ ಹಿಡೀತೀವಿ, ಇಲ್ಲಾಂದ್ರೆ ಬೆರಳು ಹೋಗುತ್ತೆ. ಸ್ಪೈಡಿ ಕೈ ಹಿಂದಕ್ಕೆ ಎಳ್ಕೊಳ್ಳಲಿಲ್ಲ. (ಸೇತುವೆ ಯಾವುದು ಅನ್ನೋದೇ ಇನ್ನೊಂದು ರಾಮಾಯಣ, ಮಾತಲ್ಲಿ ಜಾರ್ಜ್ ವಾಷಿಂಗ್ಟನ್ ಬ್ರಿಡ್ಜ್ ಅಂತಿದೆ, ಚಿತ್ರ ನೋಡಿದ್ರೆ ಬ್ರೂಕ್ಲಿನ್ ಬ್ರಿಡ್ಜ್ ಥರ ಇದೆ, ಅದ್ಕೆ ಇಳಿದ್ರೆ ಇವತ್ತಿನ ಟೈಮು ಸಾಲಲ್ಲ.)

ಸಿನಿಮಾದವ್ರನ್ನೂ ಈ ಪುಟ ಬಿಟ್ಟಿಲ್ಲ. 2002ರ ಸಿನಿಮಾದಲ್ಲಿ ಸೇತುವೆ ಬೇರೆ, ಕ್ವೀನ್ಸ್‌ಬರೋ ಬ್ರಿಡ್ಜ್, ಗಾಬ್ಲಿನ್ ಅದೇ, ಆದ್ರೆ ತಳ್ಳಿದ್ದು ಪೀಟರ್‌ನ ಇನ್ನೊಬ್ಬ ಹುಡುಗಿ ಮೇರಿ ಜೇನ್‌ನ, ಅವಳು ಬದುಕಿದ್ಲು. 2014ರಲ್ಲಿ ಎರಡನೇ ಅಮೇಜಿಂಗ್ ಸ್ಪೈಡರ್ ಮ್ಯಾನ್ ಬಂತು, ಗಡಿಯಾರದ ಗೋಪುರ, ಬೀಳೋದು ಗ್ವೆನ್ನೇ, ವೆಬ್ಬಿನ ತುದಿ ಕೈಬೆರಳಿನ ಥರ ಬಿಚ್ಕೊಂಡು ಹೋಗುತ್ತೆ, ಮುಟ್ಟುತ್ತೆ, ಅಷ್ಟರಲ್ಲಿ ತಲೆ ನೆಲಕ್ಕೆ ಬಡಿಯುತ್ತೆ. ಚೆನ್ನಾಗಿ ತೆಗ್ದಿದ್ದಾರೆ, ಇಲ್ಲ ಅನ್ನಲ್ಲ, ನಾನೂ ಅತ್ತಿದ್ದೀನಿ. ಆದ್ರೆ ತಲೆ ಬಡಿದಿದ್ದು ಕಣ್ಣೆದುರೇ ಕಂಡ್ಮೇಲೆ ಜಗಳ ಆಡೋಕೆ ಏನು ಉಳೀತು? ಕಾಮಿಕ್ಸಲ್ಲಿ ಒಂದು ಚೌಕಕ್ಕೂ ಇನ್ನೊಂದು ಚೌಕಕ್ಕೂ ನಡುವೆ ಬಿಳೀ ಗೆರೆ ಇರುತ್ತೆ ನೋಡಿ, ನನ್ ಪ್ರಕಾರ ಫ್ಯಾನ್‌ಗಳು ವಾಸ ಮಾಡೋದೇ ಅಲ್ಲಿ, ಸಿನಿಮಾ ಆ ಗೆರೆಗೆ ಸಿಮೆಂಟ್ ಹಾಕ್ಬಿಡುತ್ತೆ.

ಒಂದೇ ಒಂದ್ಸಲ ಸಿನಿಮಾ ಗೆದ್ದಿದ್ದು 2021ರ ನೋ ವೇ ಹೋಮಲ್ಲಿ. ಆ ಸಿನಿಮಾದ ಪೀಟರ್‌ನ ಹುಡುಗಿ ಎಂಜೆ ಬೀಳ್ತಾಳೆ, 2014ರ ಸಿನಿಮಾದಲ್ಲಿ ಗ್ವೆನ್‌ನ ಕಳ್ಕೊಂಡ ಆ್ಯಂಡ್ರೂ ಗಾರ್ಫೀಲ್ಡಿನ ಪೀಟರ್ ಹಿಂದೇನೇ ಜಿಗಿದು ತೋಳಲ್ಲೇ ಹಿಡ್ಕೋತಾನೆ, ದೂರದಿಂದ ವೆಬ್ ಎಸೆದು ಕಾಯಲ್ಲ. ಕೆಳಗಿಳಿಸಿ ಅವಳ ಮುಖ ನೋಡ್ತಾ ಅಳ್ತಾನೆ, ಮಾತು ಹೆಚ್ಚಿಲ್ಲ. 2014ರ ಸಿನಿಮಾ ನೋಡಿದವ್ರು ಥಿಯೇಟರಲ್ಲಿ ಮೂಗು ಒರೆಸ್ಕೋತಿದ್ರು, ನೋಡದೇ ಇದ್ದವ್ರು ಪಕ್ಕದವ್ರನ್ನ ಯಾಕ್ ಅಳ್ತಿದೀರ ಅಂತ ಕೇಳ್ತಿದ್ರು.

ಇನ್ನು ನಮ್ಮ ಅಣ್ಣನ ಮಗಳ ಕಥೆ. ಎಂಟು ವರ್ಷ. ಅವಳಿಗೆ ಗ್ವೆನ್ ಅಂದ್ರೆ ಸಾಯೋ ಹುಡುಗೀನೇ ಅಲ್ಲ. 2014ರಲ್ಲೇ ಕಾಮಿಕ್ಸಲ್ಲಿ ಇನ್ನೊಂದು ಲೋಕದ ಗ್ವೆನ್ ಬಂದ್ಲಲ್ಲ, ಜೇಡ ಕಚ್ಚಿದ್ದು ಇವಳಿಗೆ, ಅಲ್ಲಿ ಸಾಯೋದು ಪೀಟರ್. 2023ರಲ್ಲಿ ಅಕ್ರಾಸ್ ದಿ ಸ್ಪೈಡರ್ ವರ್ಸ್ ಕನ್ನಡದಲ್ಲೂ ಬಂತು, ನಾವೆಲ್ಲ ಡಬ್ಬಿಂಗೇ ಇಲ್ದೆ ಅರ್ಥ ಆಗಿದ್ದಷ್ಟು ಇಂಗ್ಲಿಷಲ್ಲಿ ನೋಡ್ಕೊಂಡು ಬೆಳೆದವ್ರು, ಇವಳು ಗ್ವೆನ್ ಕನ್ನಡ ಮಾತಾಡೋದನ್ನ ಕೇಳಿ, ಅವಳ ಥರಾನೇ ಬಿಳೀ ಟೋಪಿ ಬೇಕು ಅಂತ ಹಟ ಮಾಡಿದವಳು. ಮೊನ್ನೆ ನನ್ನ ಹಳೇ ಪುಸ್ತಕದ ಕಟ್ಟು ಬಿಚ್ಚಿ 121ರ ಮರುಮುದ್ರಣ ಎತ್ಕೊಂಡ್ಲು. ಬೇಡ ಅನ್ನೋಷ್ಟರಲ್ಲಿ ಆ ಪುಟ ತೆಗೆದಾಗಿತ್ತು.

ತುಂಬ ಹೊತ್ತು ನೋಡಿದ್ಲು. ಆಮೇಲೆ ಸ್ನ್ಯಾಪ್ ಮೇಲೆ ಬೆರಳಿಟ್ಟು, "ಚಿಕ್ಕಪ್ಪಾ, ಇದು ಅವಳ ವೆಬ್ ಸೌಂಡಾ? ಅವಳೂ ಬಿಟ್ಲಾ?" ಅಂತ ಕೇಳಿದ್ಲು.

ಇಷ್ಟು ವರ್ಷ ಬೈಟು ಕುಡಿದ್ರೂ ನಾವು ನಾಲ್ವರಲ್ಲಿ ಒಬ್ಬನಿಗೂ ಇದು ಹೊಳೆದಿರ್ಲಿಲ್ಲ. ಈ ಶನಿವಾರ ಅವಳನ್ನೂ ದರ್ಶಿನಿಗೆ ಕರ್ಕೊಂಡ್ ಹೋಗ್ತಿದೀನಿ, ಅವಳಿಗೊಂದು ಬಾದಾಮಿ ಹಾಲು. ನಮಸ್ಕಾರ.