ಚಿತ್ರದ ಕೆಳಗೆ ನಾಲ್ಕು ಸಾಲು

ಕೇಳುಗರೆಲ್ಲರಿಗೂ ನಮಸ್ಕಾರ.

ರಜೆ ಮುಗಿಸಿ ಊರಿಗೆ ಹಿಂತಿರುಗಿದವರ ಮೊಬೈಲಿನಲ್ಲಿ ಈಗ ನೂರಾರು ಚಿತ್ರಗಳು ತುಂಬಿಕೊಂಡಿರುತ್ತವೆ. ಬೇಲೂರಿನ ಮದನಿಕೆ, ಬಾದಾಮಿಯ ಕೆಂಬಂಡೆ, ಜೋಗದ ನೀರು. ನಿಮ್ಮ ಮನೆಯ ಮಕ್ಕಳಲ್ಲಿ ಕೆಲವರು ಕಾಗದ, ಪೆನ್ಸಿಲು, ಮೊಬೈಲು ಹಿಡಿದು ಸಣ್ಣ ಅನಿಮೇಷನ್ ಕೂಡ ಮಾಡುತ್ತಿರಬಹುದು. ಇವನ್ನೆಲ್ಲ ಅಂತರ್ಜಾಲದಲ್ಲಿರುವ ಆಸಕ್ತರ ಬಳಗಗಳೊಡನೆ ಹಂಚಿಕೊಳ್ಳುವುದು ಹೇಗೆ ಎಂದು ತಿಳಿಸಲು ಆಕಾಶವಾಣಿಯವರು ನನ್ನನ್ನು ಕರೆದಿದ್ದಾರೆ. ನಾನು ಹೇಳುವುದು ಒಂದೇ ಮಾತು: ಚಿತ್ರದ ಜೊತೆಗೆ ವಿವರ ಬರೆಯಿರಿ. ಎಲ್ಲಿ ತೆಗೆದದ್ದು, ಯಾವಾಗ ತೆಗೆದದ್ದು, ಅದರಲ್ಲಿ ಕಾಣುತ್ತಿರುವುದು ಏನು. ನಾಲ್ಕು ಸಾಲು ಸಾಕು.

ಬಹಳ ಮಂದಿ ಏನು ಬರೆಯುತ್ತಾರೆ? ‘ಮರೆಯಲಾಗದ ಕ್ಷಣಗಳು’ ಎಂದು ಬರೆಯುತ್ತಾರೆ. ಕ್ಷಣ ನಿಮ್ಮದು, ಸಂತೋಷ. ನೋಡುವವನಿಗೆ ಅದು ಯಾವ ಊರು, ಯಾವ ಗುಡಿ, ಯಾವ ಕಂಬ ಎಂದು ತಿಳಿಯುವುದು ಬೇಡವೇ? ಹೊಯ್ಸಳರ ಗುಡಿಗಳ ಕಂಬಗಳನ್ನು ಹೆಸರಿಲ್ಲದೆ ಮುಂದಿಟ್ಟರೆ ಇದು ಬೇಲೂರಿನದೋ ಸೋಮನಾಥಪುರದ್ದೋ ಎಂದು ಬಲ್ಲವರೂ ತಡವರಿಸುತ್ತಾರೆ.

ನನಗೆ ತುಂಬ ಪ್ರಿಯವಾದ ಒಂದು ಪ್ರಸಂಗ ಹೇಳುತ್ತೇನೆ. ಹಂಪಿಯ ವಿರೂಪಾಕ್ಷ ದೇವಾಲಯ ನಿಮಗೆಲ್ಲ ಗೊತ್ತು. ಅದರ ಪೂರ್ವದ ಗೋಪುರಕ್ಕೆ ಒಂಬತ್ತು ಅಂತಸ್ತು, ಎತ್ತರ ಸುಮಾರು 50 ಮೀಟರ್. ದೇವಾಲಯದ ಹಿಂಭಾಗದಲ್ಲಿ ಒಂದು ಕತ್ತಲೆಯ ಸ್ಥಳವಿದೆ. ಅಲ್ಲಿನ ಗೋಡೆಯಲ್ಲೊಂದು ಸಣ್ಣ ಕಿಂಡಿ. ಆ ಕಿಂಡಿಯಿಂದ ಒಳಬರುವ ಬೆಳಕು ಎದುರು ಗೋಡೆಯ ಮೇಲೆ ಅದೇ ಗೋಪುರವನ್ನು ತಲೆಕೆಳಗಾಗಿ ಮೂಡಿಸುತ್ತದೆ. ಕಳಶ ಕೆಳಗೆ, ಬುಡ ಮೇಲೆ. ನಮ್ಮ ಬಳಗದ ಹಿರಿಯರೊಬ್ಬರು, ನಿವೃತ್ತ ನೌಕರರು, ಅದರ ಚಿತ್ರ ತೆಗೆದು ವಿಕಿಮೀಡಿಯ ಕಾಮನ್ಸ್‌ಗೆ ಏರಿಸಿದರು. ಕಾಮನ್ಸ್ ಎಂದರೆ 2004ರಲ್ಲಿ ಆರಂಭವಾದ, ಯಾರು ಬೇಕಾದರೂ ಬಳಸಬಹುದಾದ ಚಿತ್ರ, ಧ್ವನಿ, ವಿಡಿಯೊಗಳ ಭಂಡಾರ. ಈಗ ಅದರಲ್ಲಿ 10 ಕೋಟಿಗೂ ಹೆಚ್ಚು ಕಡತಗಳಿವೆ.

ಬರಿಯ ಚಿತ್ರ ನೋಡಿದವರಿಗೆ ಅದು ಮಸಿ ಹಿಡಿದ ಗೋಡೆಯ ಮೇಲಿನ ಒಂದು ಮಸುಕು ತ್ರಿಕೋನ, ಅಷ್ಟೇ. ಆದರೆ ಆ ಹಿರಿಯರು ಕೆಳಗೆ ಕನ್ನಡದಲ್ಲಿ ಬರೆದಿದ್ದರು: ಇದು ಪೂರ್ವದ ಗೋಪುರದ ನೆರಳು, ಗೋಡೆಯ ಕಿಂಡಿಯ ಮೂಲಕ ಬೀಳುತ್ತದೆ, ಕಿಂಡಿ ಇರುವುದು ಈ ಕಡೆ, ಗೋಪುರ ಇರುವುದು ಆ ಕಡೆ, ನಾನು ನಿಂತು ನೋಡಿದ್ದು ಇಲ್ಲಿಂದ. ತಾರೀಖನ್ನೂ ಹೊತ್ತನ್ನೂ ಬರೆದಿದ್ದರು.

ಇದನ್ನು ಓದಿದವಳು ಮಲೆನಾಡಿನ ಒಬ್ಬ ಕಾಲೇಜು ವಿದ್ಯಾರ್ಥಿನಿ. ಹಂಪಿಯನ್ನು ಕಂಡವಳೇ ಅಲ್ಲ. ಅವಳು ಒಂದೇ ಒಂದು ಹಾಳೆ ತೆಗೆದುಕೊಂಡಳು. ಎಡಕ್ಕೆ ಗೋಪುರ, ನಡುವೆ ಕಿಂಡಿಯಿರುವ ಗೋಡೆ, ಬಲಕ್ಕೆ ಕತ್ತಲೆಯ ಕೋಣೆ ಬರೆದಳು. ಹಾಳೆಯನ್ನು ಮೇಜಿಗೆ ಅಂಟಿಸಿ, ಮೊಬೈಲನ್ನು ಮೇಲಿನಿಂದ ಅಲುಗದಂತೆ ಕಟ್ಟಿದಳು. ಕಿಟಕಿ ಮುಚ್ಚಿ ಟ್ಯೂಬ್‌ಲೈಟ್ ಹಾಕಿಕೊಂಡಳು, ಏಕೆಂದರೆ ಬಿಸಿಲು ಏರಿಳಿದರೆ ಚಿತ್ರ ಮಿನುಗುತ್ತದೆ. ಗೋಪುರದ ಕಳಶದಿಂದ ಒಂದು ಹಳದಿ ಗೆರೆ, ಬುಡದಿಂದ ಒಂದು ಕೆಂಪು ಗೆರೆ. ಬೆರಳಗಲ ಎಳೆಯುವುದು, ಒಂದು ಚಿತ್ರ ತೆಗೆಯುವುದು, ಮತ್ತೆ ಎಳೆಯುವುದು, ಮತ್ತೆ ತೆಗೆಯುವುದು. ಎರಡೂ ಗೆರೆಗಳು ಕಿಂಡಿ ಮುಟ್ಟಿದಲ್ಲಿ ಅದೇ ಚಿತ್ರವನ್ನು ಹಲವು ಬಾರಿ ಸೇರಿಸಿ, ಓಟವನ್ನು ಒಂದು ಉಸಿರಿನಷ್ಟು ಹೊತ್ತು ನಿಲ್ಲಿಸಿದಳು. ಆ ಜಾಣ್ಮೆಗೆ ನಾನು ಮನಸೋತೆ. ಆಮೇಲೆ ಗೆರೆಗಳು ಒಂದನ್ನೊಂದು ದಾಟುತ್ತವೆ. ಹಳದಿ ಕೆಳಕ್ಕೆ ಇಳಿಯುತ್ತದೆ, ಕೆಂಪು ಮೇಲಕ್ಕೆ ಏರುತ್ತದೆ, ಗೋಡೆಯ ಮೇಲೆ ಗೋಪುರ ತಲೆಕೆಳಗಾಗಿ ನಿಲ್ಲುತ್ತದೆ. ಬೆಳಕು ನೇರವಾಗಿ ಸಾಗುತ್ತದೆ ಎಂಬ ಪಾಠ ಅಷ್ಟರಲ್ಲಿ ಮುಗಿದಿರುತ್ತದೆ. ಸೂಜಿರಂಧ್ರ ಕ್ಯಾಮೆರಾ ಕೆಲಸ ಮಾಡುವುದೂ ಹೀಗೆಯೇ. ಹಳ್ಳಿಯ ಶಾಲೆಯೊಂದರ ಮೇಷ್ಟ್ರು ಅದನ್ನು ತರಗತಿಯಲ್ಲಿ ತೋರಿಸಿ, ಮಕ್ಕಳಿಂದ ರಟ್ಟಿನ ಪೆಟ್ಟಿಗೆಗೆ ತೂತು ಹಾಕಿಸಿ ತೆಂಗಿನ ಮರವನ್ನು ತಲೆಕೆಳಗು ಮಾಡಿಸಿದರಂತೆ.

ಯೋಚಿಸಿ ನೋಡಿ. ಹಿರಿಯರಿಗೆ ಅನಿಮೇಷನ್ ಬರುವುದಿಲ್ಲ, ಹುಡುಗಿಗೆ ಹಂಪಿ ಗೊತ್ತಿಲ್ಲ. ಇಬ್ಬರೂ ಇಂದಿಗೂ ಮುಖಾಮುಖಿ ಭೇಟಿಯಾಗಿಲ್ಲ. ಅವರನ್ನು ಸೇರಿಸಿದ್ದು ಕ್ಯಾಮೆರಾದ ಬೆಲೆಯಲ್ಲ, ಆ ನಾಲ್ಕು ಸಾಲು. ಆದ್ದರಿಂದ ಮತ್ತೆ ಹೇಳುತ್ತೇನೆ, ವಿವರ ಬರೆಯಿರಿ. ಇಂಗ್ಲಿಷ್ ಬಾರದೆಂದು ಹಿಂಜರಿಯಬೇಡಿ. ಕಾಮನ್ಸ್‌ನಲ್ಲಿ ಕನ್ನಡದಲ್ಲೇ ಬರೆಯಬಹುದು.

ಕಥೆಯಲ್ಲೇ ಸಮಯ ಹೋಯಿತು. ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ.

ವಾಟ್ಸ್ಆ್ಯಪ್‌ನಲ್ಲಿ ಬಂದ ಚಿತ್ರವನ್ನು ಏರಿಸಬೇಡಿ. ಅಲ್ಲಿ ಚಿತ್ರ ಕುಗ್ಗುತ್ತದೆ, ಯಾವಾಗ ತೆಗೆದದ್ದು ಎಂಬ ಮಾಹಿತಿಯೂ ಅಳಿಸಿಹೋಗುತ್ತದೆ. ಮೊಬೈಲಿನಲ್ಲಿರುವ ಮೂಲ ಕಡತವನ್ನೇ ಹಾಕಿ. ಅನಿಮೇಷನ್ ಮಾಡುವವರು ಸೆಕೆಂಡಿಗೆ 24 ಚಿತ್ರ ಎಂಬ ಲೆಕ್ಕ ಕೇಳಿ ಹೆದರಬೇಡಿ. ಒಂದೊಂದು ಚಿತ್ರವನ್ನು ಎರಡೆರಡು ಬಾರಿ ತೋರಿಸಿದರೆ 12 ಸಾಕು, ಪಳಗಿದವರೂ ಹಾಗೆ ಮಾಡುತ್ತಾರೆ. ಹಲವು ಹಾಳೆಗಳಲ್ಲಿ ಬರೆಯುವವರು ಪಂಚಿಂಗ್ ಮೆಷಿನ್‌ನಿಂದ ಎಲ್ಲಕ್ಕೂ ಒಂದೇ ಜಾಗದಲ್ಲಿ ತೂತು ಹಾಕಿಕೊಂಡರೆ ಚಿತ್ರ ಕುಣಿಯುವುದಿಲ್ಲ. ಕಾಮನ್ಸ್‌ಗೆ ಹಾಕುವಾಗ ಎಂಪಿ4 ಕಡತವನ್ನು ವೆಬ್ಎಂ ಎಂಬ ಇನ್ನೊಂದು ವಿಡಿಯೊ ರೂಪಕ್ಕೆ ಬದಲಾಯಿಸಿಕೊಳ್ಳಿ. ಹಿನ್ನೆಲೆಗೆ ಸಿನಿಮಾ ಹಾಡು ಬೇಡವೇ ಬೇಡ, ಅದರ ಹಕ್ಕು ಬೇರೆಯವರದು. ನಿಮ್ಮ ಕೆಲಸಕ್ಕೆ, ಇತರರೂ ಅದನ್ನು ಬಳಸಲು ಅನುಮತಿ ಕೊಡುವ ಕ್ರಿಯೇಟಿವ್ ಕಾಮನ್ಸ್ ಪರವಾನಗಿ ಆರಿಸಿಕೊಳ್ಳಿ. ಹೆಸರು ಹೇಳಿ ಬಳಸಿ, ಬದಲಾಯಿಸಿದರೆ ಅದನ್ನೂ ಹೀಗೆಯೇ ಹಂಚಿ ಎಂಬ ಷರತ್ತಿನ ಪರವಾನಗಿ ಇದೆ. ಆ ಹುಡುಗಿಯ ಅನಿಮೇಷನ್‌ನ ಕೊನೆಯಲ್ಲಿ ಹಿರಿಯರ ಹೆಸರು ಬಂದದ್ದು ಹಾಗೆ. ಜನರ ಮುಖ ಹತ್ತಿರದಿಂದ ಕಾಣುವ ಚಿತ್ರವಾದರೆ ಅವರನ್ನು ಕೇಳಿ ಹಾಕಿ. ಗರ್ಭಗುಡಿಯಲ್ಲಿ ತೆಗೆಯಬೇಡಿ ಎಂದರೆ ತೆಗೆಯಬೇಡಿ.

ಈ ಭಾನುವಾರ ಮೊಬೈಲಿನಿಂದ ಐದು ಚಿತ್ರ ಆರಿಸಿ. ಐದೇ. ನೂರು ಬೇಡ. ಜೊತೆಗೆ ಬಂದಿದ್ದ ಅಕ್ಕನನ್ನೋ ಭಾವನನ್ನೋ ಪಕ್ಕದಲ್ಲಿ ಕೂರಿಸಿಕೊಳ್ಳಿ, ಊರಿನ ಹೆಸರು ನಿಮಗೆ ಮರೆತಿದ್ದರೂ ಅವರಿಗೆ ನೆನಪಿರುತ್ತದೆ. ಎಲ್ಲಿ, ಯಾವಾಗ, ಏನು ಎಂದು ಬರೆದು ಏರಿಸಿ. ನಮಸ್ಕಾರ.